ತೆರಿಗೆಗಾಗಿ ಕಟ್ಟಿದ ಗೋಡೆ

ಹೊರಗೆ ಬೂಟಿನ ಸಪ್ಪಳ ಕೇಳಿದ್ದೇ ತಡ, ಯಂಕಣ್ಣ ಬಾಯಲ್ಲಿದ್ದ ರೊಟ್ಟಿ ನುಂಗಿ ಎದ್ದು ನಿಂತ. ಪಡಸಾಲೆಯ ನಡುವಿನ ಗೋಡೆಗೆ ಮುಖಮಾಡಿ ಬೈಯತೊಡಗಿದ.

"ಏ ಗೋವಿಂದಾ, ನಿನ್ನ ಒಲಿ ಹೊಗಿ ನನ್ನ ಕಡೆ ಯಾಕ ಬಿಡ್ತಿ? ನಿನ್ನ ಮಾರಿ ನೋಡೂದ ಬ್ಯಾಡಾಗೇತಿ ನನಗ."

ಬಾಗಿಲಲ್ಲಿ ಖಾಕಿ ಬಟ್ಟೆಯ ಮನುಷ್ಯನೊಬ್ಬ ನಿಂತಿದ್ದ. ಕಂಕುಳಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್. ತೆರಿಗೆ ಕಚೇರಿಯವನೇ ಸೈ ಎಂದುಕೊಂಡು ಯಂಕಣ್ಣ ದನಿಯನ್ನು ಇನ್ನಷ್ಟು ಏರಿಸಿದ.

ಗೋಡೆಯಾಚೆಯಿಂದ ತಮ್ಮ ಗೋವಿಂದಪ್ಪ ಹೊರಬಂದ. "ಹೊಗಿ ಅಷ್ಟ ಕಾಣತೈತಿ ನಿನಗ. ಅವ್ವನ ಬಂಗಾರದ ಬಿಲ್ವಾರ ನಿನ್ನ ಹೆಂಡ್ತಿ ಕೈಯಾಗ ಅದಾವ, ಅವು ಕಾಣೂದಿಲ್ಲ. ಮ್ಯಾಟ್ರಿಕ್ ಪಾಸಾದವನ್ನ ಧಾರವಾಡದ ಕಾಲೇಜಿಗೆ ಕಳಸಲಿಲ್ಲ, ಗೋಣಿ ಹೊಲಿಯಾಕ ಕುಂಡ್ರಿಸಿದಿ. ನನಗ ಹೆಣ್ಣು ನೋಡಿದವನೂ ನೀನ, ಅಂಗಿ ಅರಿವಿ ಆರಿಸಿದವನೂ ನೀನ. ಹುಟ್ಟಿದಾಗಿಂದ ಒಂದ ಒಂದು ಮಾತು ನನ್ನ ಕೇಳಿ ಮಾಡಿದಿ ಏನು?"

ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಯಂಕಣ್ಣನಿಗೆ ಹೆಮ್ಮೆಯಾಯಿತು. ಭೇಷ್, ನಾಟಕ ಕಂಪನಿ ಸೇರಿದ್ದರೆ ಇವನು ದೊಡ್ಡ ಹೆಸರು ಮಾಡುತ್ತಿದ್ದ ಎಂದುಕೊಂಡ.

ಖಾಕಿಯವನು ಇಬ್ಬರನ್ನೂ ನೋಡಿದ. "ಜಗಳ ಆಮ್ಯಾಲ ಆಡ್ರಿ. ಭಾಂಡೆ ಸಾಮಾನು ಹೊರಗ ಇಡ್ರಿ, ಔಷಧ ಹೊಡೀಬೇಕು" ಎಂದ. ಮಲೇರಿಯಾ ಇಲಾಖೆಯವನು. ಗೋಡೆಯ ಎರಡೂ ಬದಿಗೆ ಡಿ.ಡಿ.ಟಿ. ಹೊಡೆದು, ತಾರೀಖು ಬರೆದು ಹೋದ. ಯಂಕಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ಸಾವಂತ್ರೆವ್ವ ನಗಲಿಲ್ಲ. ಗೋವಿಂದಪ್ಪನೂ ನಗಲಿಲ್ಲ.

ವಿಷಯ ಇಷ್ಟೇ. ಅಣ್ಣತಮ್ಮಂದಿರು ಹಳೇ ಹುಬ್ಬಳ್ಳಿಯಲ್ಲಿ ಹರಿದ ಗೋಣಿಚೀಲ ಕೊಂಡು, ಹೊಲಿದು, ಕಾಳಿನ ವರ್ತಕರಿಗೆ ಮಾರುವವರು. ಮೂರು ವರ್ಷದ ಹಿಂದೆ ಗೋವಿಂದಪ್ಪ ಒಂದು ಪತ್ರಿಕೆ ಹಿಡಿದುಕೊಂಡು ಬಂದಿದ್ದ. ದಿಲ್ಲಿಯ ಲೋಕಸಭೆ ವರಮಾನ ತೆರಿಗೆಯನ್ನು ಪಾವಟಿಗೆಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ ಎಂದು ಅಣ್ಣನಿಗೆ ಬಿಡಿಸಿ ಹೇಳಿದ.

"ಕೂಡಿ ಇದ್ರ ಇಬ್ಬರ ಗಳಿಕಿ ಒಂದ ಲೆಕ್ಕ ಹಿಡೀತಾರ. ಮ್ಯಾಲ ಏರಿದಂಗ ತೆರಿಗಿ ಜಾಸ್ತಿ. ಅಂಗಡಿ ಮುಳಗತೈತಿ. ಬ್ಯಾರೆ ಆದ್ರ ಇಬ್ಬರೂ ಕೆಳಗಿನ ಪಾವಟಿಗಿ ಮ್ಯಾಲ ಉಳೀತೇವಿ. ಆದ್ರ ಖರೇನ ಬ್ಯಾರೆ ಆಗ್ಯಾರಂತ ಸರಕಾರಕ್ಕ ಅನಸಬೇಕು."

ಓದಿದ ತಮ್ಮ. ಯಂಕಣ್ಣನಿಗೆ ಸಹಿ ಬಿಟ್ಟರೆ ಬೇರೆ ಅಕ್ಷರ ಬರದು. ಸೂರು ಮುಟ್ಟುವ ಗೋಡೆ ಎದ್ದಿತು. ಒಲೆ ಎರಡಾಯಿತು, ಅಂಗಡಿಯೂ ಎರಡಾಯಿತು.

ಗೋವಿಂದಪ್ಪ ಬಲು ಕಟ್ಟುನಿಟ್ಟು. ಪೇಟೆಯಲ್ಲಿ ಅಣ್ಣ ಕಂಡರೆ ದಾರಿ ಬದಲಿಸುತ್ತಿದ್ದ. ಯುಗಾದಿಗೂ ಗೋಡೆ ದಾಟಿ ಬರಲಿಲ್ಲ. "ಸರಕಾರದ ಕಣ್ಣು ಎಲ್ಲಾ ಕಡೆ ಇರ್ತಾವ" ಎನ್ನುತ್ತಿದ್ದ. ತೆರಿಗೆಯವರು ಒಮ್ಮೆಯೂ ಬಂದಿರಲಿಲ್ಲ. ಅದೆಲ್ಲ ತಮ್ಮನ ಜಾಣತನ ಎಂದು ಯಂಕಣ್ಣ ನಂಬಿದ್ದ.

ಒಂದೇ ಸಂಕಟ. ಗೋಡೆ ಎದ್ದ ಮೇಲೆ ಗೋವಿಂದಪ್ಪನಿಗೆ ಕೂಸು ಹುಟ್ಟಿತು. ಯಂಕಣ್ಣನಿಗೆ ಮಕ್ಕಳಿಲ್ಲ. "ಕೂಸಿಗೆ ನಾಟಕ ಬರೂದಿಲ್ಲಣ್ಣಾ. ನಿನ್ನ ರೂಢಿ ಆತಂದ್ರ ಯಾರ ಮುಂದರ ಓಡಿ ಬಂದು ತೆಕ್ಕಿ ಬೀಳತೈತಿ" ಎಂದು ಗೋವಿಂದಪ್ಪ ಅದನ್ನು ಈಚೆ ಬಿಡುತ್ತಿರಲಿಲ್ಲ. ಆಚೆ ಗೆಜ್ಜೆ ಸಪ್ಪಳ ಕೇಳಿದರೆ ಯಂಕಣ್ಣ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ಆ ಕೂಸನ್ನು ಎತ್ತಿಕೊಳ್ಳಬೇಕಾದರೆ ಗೋಡೆ ಬೀಳಬೇಕು. ಗೋಡೆ ಬೀಳಬೇಕಾದರೆ ಲೋಕಸಭೆ ಮನಸ್ಸು ಮಾಡಬೇಕು.

ಹೀಗಾಗಿ ಇಡೀ ಹಳೇ ಹುಬ್ಬಳ್ಳಿಯಲ್ಲಿ ತೆರಿಗೆ ಇಳಿಸುವ ಹಣಕಾಸು ಮಸೂದೆಯ ಮೇಲೆ ಜೀವ ಇಟ್ಟುಕೊಂಡಿದ್ದವನು ಯಂಕಣ್ಣನೊಬ್ಬನೇ. ದಿನಾ ಬೆಳಿಗ್ಗೆ ದರ್ಜಿ ಶರೀಫಸಾಬನ ಅಂಗಡಿಯಲ್ಲಿ ಕೂತು ಪತ್ರಿಕೆ ಓದಿಸಿ ಕೇಳುತ್ತಿದ್ದ. ವಿರೋಧ ಪಕ್ಷದವರು ಸಭಾತ್ಯಾಗ ಮಾಡಿದ ದಿನ ಅವನಿಗೆ ಊಟ ಸೇರಲಿಲ್ಲ. ಮಸೂದೆ ಮುಂದಕ್ಕೆ ಹೋದ ದಿನ ಮೈ ಬೆಚ್ಚಗಾಗಿ ಮಲಗಿದ.

ಕಡೆಗೊಂದು ಬೆಳಿಗ್ಗೆ ಶರೀಫಸಾಬ ಕತ್ತರಿ ಕೆಳಗಿಟ್ಟ. "ಯಂಕಣ್ಣಾ, ಪಾಸ್ ಆತು ನೋಡ್ರಿ. ಪಾವಟಿಗಿ ಎಲ್ಲಾ ಬದಲ ಮಾಡ್ಯಾರ. ಸಣ್ಣ ಗಳಿಕಿಯವರಿಗೆ ತೆರಿಗಿ ಇಳಿಸ್ಯಾರ."

ಯಂಕಣ್ಣ ಅಲ್ಲಿಂದ ನೇರ ಗೌಂಡಿ ಫಕ್ರುಸಾಬನ ಮನೆಗೆ ಹೋಗಿ, ನಾಳೆ ಹಾರೆ ತೆಗೆದುಕೊಂಡು ಬಾ ಎಂದು ಹೇಳಿ ಬಂದ. ಆಮೇಲೆ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಸಾಹೇಬರ ಬಾಯಿಂದಲೇ ಒಂದು ಮಾತು ಕೇಳಿ ಬರುತ್ತೇನೆಂದು ತೆರಿಗೆ ಕಚೇರಿಗೆ ಹೊರಟ. ಗೋವಿಂದಪ್ಪನ ಮುಖ ಬಿಳಿಚಿತು.

"ನೀ ಯಾಕ ಹೋಗ್ತಿ? ನಿನಗ ಇಂಗ್ಲೀಷ್ ಬರೂದಿಲ್ಲ. ನಾ ಕೇಳಿಕೊಂಡು ಬರ್ತೇನಿ."

"ಬ್ಯಾಡ. ಮೂರು ವರ್ಷ ಭಾಳ ತ್ರಾಸ ತಗೊಂಡಿದಿ. ಇಷ್ಟರ ನಾ ಮಾಡ್ತೇನಿ."

ಯಂಕಣ್ಣ ತಿರುಗಿ ಬಂದಾಗ ಹೊತ್ತು ಇಳಿದಿತ್ತು. ಗೋವಿಂದಪ್ಪ ಅಂಗಡಿ ತೆಗೆಯದೆ ಕಟ್ಟೆಯ ಮೇಲೆ ಕೂತಿದ್ದ.

"ಸಾಹೇಬರು ಏನಂದ್ರು?"

ಯಂಕಣ್ಣ ರುಮಾಲು ಬಿಚ್ಚಿ ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ.

"ಗ್ವಾಡಿ ಇರಲಿ ಅಂದ್ರು. ಆ ಕಾಯ್ದೇಕ್ಕೂ ನಮಗೂ ಸಂಬಂಧ ಇಲ್ಲಂತ."

"ಖರೇನ?"

"ಖರೇ."

ಗೋವಿಂದಪ್ಪ ಬಿಟ್ಟ ಉಸಿರು ಬೀದಿಗೆ ಕೇಳುವಂತಿತ್ತು. ಅವನಿಗೆ ಏನನಿಸಿತೋ, ಒಳಗೆ ಹೋಗಿ ಕೂಸನ್ನು ತಂದು ಅಣ್ಣನ ಕೈಗೆ ಕೊಟ್ಟ. "ಒಂದು ಗಳಿಗಿ ಎತ್ಕೋ. ಇವತ್ತು ಯಾರೂ ಬರಾಂಗಿಲ್ಲ" ಎಂದ. ಯಂಕಣ್ಣ ಎತ್ತಿಕೊಂಡ. ಕೂಸು ಅವನ ಮೀಸೆ ಜಗ್ಗಿತು. ಗಳಿಗೆ ಮುಗಿಯುತ್ತಲೇ ಯಾರೂ ಕೇಳದಿದ್ದರೂ ತಾನಾಗಿಯೇ ತಿರುಗಿ ಕೊಟ್ಟ.

ಮರುದಿನ ಫಕ್ರುಸಾಬ ಹಾರೆ ಹೊತ್ತು ಬಂದ. ಯಂಕಣ್ಣ ಗೋಡೆಯ ಉದುರಿದ ಕಡೆಗೆಲ್ಲ ಅವನಿಂದ ಗಿಲಾವು ಮಾಡಿಸಿ, ಕೂಲಿ ಕೊಟ್ಟು ಕಳಿಸಿದ.

ತೆರಿಗೆ ಸಾಹೇಬರು ಖರೇ ಹೇಳಿದ್ದು ಇಷ್ಟು: "ನಿಮ್ಮಿಬ್ಬರ ಗಳಿಕಿ ಕೂಡಿಸಿದ್ರೂ ತೆರಿಗಿ ಬೀಳೂದಿಲ್ಲ, ಯಜಮಾನ್ರ. ಹಳೇ ಕಾಯ್ದೆಯೊಳಗೂ ಬೀಳ್ತಿದ್ದಿಲ್ಲ. ಗ್ವಾಡಿ ಕಟ್ಟಬೇಕಂತ ನಿಮಗ ಹೇಳಿದವರು ಯಾರು?"