ಮರ್ಸಾಕ್‌ನ ಬಲಗಾಲು

ಮೂರನೆಯ ಊರಿನಲ್ಲೂ "ಗೊತ್ತು" ಎಂದರು. ಸೊಲಾಂಜಳ ಮುಖ ಸುಣ್ಣದಂತಾಯಿತು. ಖುಷಿ ಹೆಚ್ಚಾದರೆ ಫ್ರಾನ್ಸಿನವರು ಹೀಗೇ ಬಿಳಿಚಿಕೊಳ್ಳುತ್ತಾರೇನೋ ಎಂದುಕೊಂಡಳು ಕಾವ್ಯ.

"ಮರಸಪ್ಪಜ್ಜ ಅಲ್ಲೇನ್ರಿ?" ಮೆಟ್ರಿಯ ಗಾದಿಲಿಂಗಪ್ಪ ಮುಖವನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದ. "ಈ ಮೂಗು ನೋಡ್ರಿ. ನಮ್ಮ ಮನಿತನದಾಗ ಇಂಥ ಮೂಗು ಎಲ್ಲಿಂದ ಬರಬೇಕು? ಅವಂದ ಇದು."

ಕಾವ್ಯ ಹೊಸಪೇಟೆಯವಳು. ಹಂಪಿಯಲ್ಲಿ ಪ್ರವಾಸಿಗರಿಗೆ ಕಲ್ಲು ತೋರಿಸುತ್ತಾ ಫ್ರೆಂಚ್ ಕಲಿತವಳು, ಈಗ ಸೊಲಾಂಜಳ ದುಭಾಷಿ. ಸೊಲಾಂಜ್ ಪ್ಯಾರಿಸ್ಸಿನಲ್ಲಿ ಶಿಲ್ಪಕಲೆಯ ಚರಿತ್ರೆ ಕಲಿಸುವವಳು. ತೆಯೋಫಿಲ್ ಮರ್ಸಾಕ್ ಎಂಬ ಶಿಲ್ಪಿಯ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದಿದ್ದಳು. ನೂರಿಪ್ಪತ್ತು ವರ್ಷದ ಹಿಂದಿನವನು ಮರ್ಸಾಕ್. ಅಕಾಡೆಮಿಯಲ್ಲಿ ಪಳಗಿದವನು. ಕೈವಾರ ಹಿಡಿದು ಕಿವಿಯಿಂದ ಮೂಗಿಗೆ ಅಳತೆ ತೆಗೆಯುವವನು. ಅವನ ಕೈಯಲ್ಲಿ ಅಮೃತಶಿಲೆಗೂ ನರ ಉಬ್ಬುತ್ತಿತ್ತು. ಆಮೇಲೆ ಕಾಲ ಬದಲಾಯಿತು. ಮನುಷ್ಯರ ಹಾಗೆ ಕಾಣುವ ಮೂರ್ತಿಗಳು ಪ್ಯಾರಿಸ್ಸಿಗೆ ಬೇಡವಾದವು. ಮರ್ಸಾಕ್ ಮುನಿಸಿಕೊಂಡು ಹಡಗು ಹತ್ತಿದ. ಹಂಪಿಯ ಸುತ್ತ ಎಲ್ಲೋ ಅವನ ಜಾಡು ಕಳೆದುಹೋಯಿತು. ಪುಸ್ತಕವೂ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಅವನೇನಾದ ಎಂದು ಓದಿದವರು ತಕರಾರು ತೆಗೆದರು. ವಿಭಾಗದ ಮುಖ್ಯಸ್ಥರು, ಹೋಗಿ ಹುಡುಕಿ ಬಾ ಎಂದು ಕಳಿಸಿದರು.

"ಇಲ್ಲಿ ಏನು ಸಿಗುತ್ತದೆ ಎನ್ನುವುದರ ಮೇಲೆ ನನ್ನ ಕೆಲಸ ನಿಂತಿದೆ," ಎಂದು ಸೊಲಾಂಜ್ ಬಂದ ದಿನವೇ ಹೇಳಿದ್ದಳು. ಹೇಳುವಾಗ ಕಣ್ಣು ತುಂಬಿತ್ತು. ಕಾವ್ಯ ಅದನ್ನು ಊರೂರಿಗೂ ಮುಟ್ಟಿಸಿದಳು, ಕಣ್ಣೀರನ್ನೂ ಸೇರಿಸಿ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಟಿ.ಬಿ. ಡ್ಯಾಂ ಬಸ್ಸಿನ ಕಂಡಕ್ಟರ್, "ಅಂಥೋರು ಯಾರೂ ಗೊತ್ತಿಲ್ರಿ, ಮುಂದ ಸರೀರಿ" ಎಂದಾಗ ಸೊಲಾಂಜ್ ಅವನ ಕೈ ಹಿಡಿದು ಕುಲುಕಿದ್ದಳು. "ಎಂಥ ಪ್ರಾಮಾಣಿಕ ಮನುಷ್ಯ!"

ಕೆಟ್ಟದ್ದು ಮನೆಗಳಿಗೆ ಹೋದ ಮೇಲೆ. ಇಲ್ಲಿಯ ಮನೆಗಳಲ್ಲಿ ಅಕ್ಕಿ ತೀರಿದರೂ "ಇಲ್ಲ" ಎನ್ನುವುದಿಲ್ಲ, "ಹೆಚ್ಚಾಗೈತಿ" ಎನ್ನುತ್ತಾರೆ. ಹೊಸ್ತಿಲಿಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹಿಂದಿರುಗಿದರೆ ಮನೆಗೆ ಒಳ್ಳೆಯದಲ್ಲ. ಸಾಲದ್ದಕ್ಕೆ, ಸುದ್ದಿ ಇವರ ಬಸ್ಸಿಗಿಂತ ಮುಂಚೆ ಊರು ಸೇರುತ್ತಿತ್ತು.

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೊಟ್ರಯ್ಯ ಕುರ್ಚಿ ಹಾಕಿಸಿದ. "ಕುಂದ್ರಿ. ನಮ್ಮ ಮುತ್ಯಾನ ಮದಿವ್ಯಾಗ ಅವನಽ ಬಡಸಾಕ ನಿಂತಿದ್ನಂತ್ರಿ. ಒಬ್ಬೊಬ್ಬರ ಬಾಯಿ ಅಳತಿ ತಗದು ಹೋಳಿಗಿ ಹಾಕಿದ್ನಂತ. ಊಟ ಮುಗಿಯೂದ್ರಾಗ ಬೆಳಗಾತು!"

ಸಂಡೂರಿನ ಜಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಕೆಂಪು ಮಣ್ಣು ಕಲಸಿ ಕಲಸಿ ಮೈಯೆಲ್ಲಾ ಕೆಂಪಾಗಿತ್ತಂತ. ಸತ್ತಾಗ ಎಷ್ಟು ತೊಳದ್ರೂ ಒಳಗಿನ ಬಿಳಿ ಮನಿಷ್ಯಾ ಹೊರಗ ಬರ್ಲಿಲ್ಲ. ನಮ್ಮೋರ ಜೋಡಿನಽ ಮಣ್ಣು ಮಾಡಿದ್ರು."

"ಬೇರೆ ಯಾರಾದರೂ ಇರಬಹುದಲ್ಲ?" ಸೊಲಾಂಜ್ ಅಂಗಲಾಚಿದಳು. "ಮರೆತಿರಬಹುದು. ಕೇಳು ಕಾವ್ಯ, ಮರೆತಿರಬಹುದಲ್ಲವೇ?"

"ಸತ್ತೋರನ್ನ ಮರೀತಾರೇನಬೇ ಯಾರರ?" ಜಂಬಕ್ಕನಿಗೆ ಸಿಟ್ಟೇ ಬಂತು.

ಈಗ ಮೆಟ್ರಿಯಲ್ಲಿ ಈ ಮೂಗು. ಸೊಲಾಂಜ್ ಊಟ ಬಿಟ್ಟಳು. ಸಾಕು, ಹಿಂದಕ್ಕೆ ಹೋಗೋಣ ಎಂದಳು. ಮಲಪನಗುಡಿಯವರು ಕಾಯುತ್ತಿದ್ದಾರೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಕಾವ್ಯ ಕೈಹಿಡಿದು ಎಳೆದೊಯ್ದಳು.

ಮಲಪನಗುಡಿಯಲ್ಲಿ ಓಣಿಗೆ ಓಣಿಯೇ ದ್ಯಾಮಕ್ಕನ ಕಟ್ಟೆಯ ಮುಂದೆ ನೆರೆದಿತ್ತು. ದ್ಯಾಮಕ್ಕ ಹಳೇ ಕೌದಿ ಸರಿಸಿದಳು. ಕೆಳಗೆ ಅಮೃತಶಿಲೆಯ ಒಂದು ಬಲಗಾಲು. ಉಗುರು, ನರ, ಹಿಮ್ಮಡಿಯ ಒಡಕು, ಎಲ್ಲವೂ ಇದ್ದವು.

"ಮರಸಪ್ಪಜ್ಜ ಕಡದಿದ್ದು, ಯವ್ವಾ. ನಮ್ಮತ್ತಿಯ ಅತ್ತಿ ಕಾಲದಿಂದ ಅಟ್ಟದ ಮ್ಯಾಲ ಇತ್ತು."

ಸೊಲಾಂಜ್ ಮುಟ್ಟಿದಳು. ಬೆರಳಿಗೆ ಬಿಳಿ ಹಿಟ್ಟು ಅಂಟಿತು. ಮನೆಗಳ ನೆಲಕ್ಕೆ ಮಾರ್ಬಲ್ ಹಾಸುವ, ದ್ಯಾಮಕ್ಕನ ಮಗ ಯಲ್ಲೇಶ ಹಿಂದೆ ನಿಂತು ಕೆಮ್ಮಿದ.

"ಏನ್ಲೇ ನಿಂದು, ಆ ಕಡಿ ಹೋಗಿ ಕೆಮ್ಮು," ಎಂದಳು ದ್ಯಾಮಕ್ಕ.

ಅಷ್ಟರಲ್ಲಿ ಕಾವ್ಯ ಫೋಟೋ ತೆಗೆದು ಪ್ಯಾರಿಸ್ಸಿನ ಮುಖ್ಯಸ್ಥರಿಗೆ ಕಳಿಸಿಯೂ ಆಗಿತ್ತು. ಮೇಡಂ ತಾವಾಗಿ ಹೇಳಿಕೊಳ್ಳುವವರಲ್ಲ, ಪಾಪ. ಕೂಡಲೇ ಸೊಲಾಂಜಳಿಗೆ ಫೋನು ಬಂತು.

"ಆ ಹಿಮ್ಮಡಿ!" ಮುಖ್ಯಸ್ಥರು ಕೂಗುತ್ತಿದ್ದರು. "ಅಕಾಡೆಮಿಯಲ್ಲಿ ಪಳಗಿದ ಕೈಯೇ ಇದು, ಅನುಮಾನವೇ ಇಲ್ಲ. ಕಲ್ಲು ಪರೀಕ್ಷಿಸುವವರನ್ನು ಕರೆದುಕೊಂಡು ನಾನೇ ಹೊರಡುತ್ತೇನೆ. ಮರ್ಸಾಕ್ ಹುಟ್ಟಿದ ಊರಿನಿಂದಲೇ ಎಲ್ಲ ದಾಖಲೆ ತೆಗೆಸುತ್ತೇನೆ!"

ಸೊಲಾಂಜ್ ಕಟ್ಟೆಯ ಮೇಲೆ ಕುಸಿದಳು. ದ್ಯಾಮಕ್ಕ ಇದೇ ಸಮಯವೆಂದು ಕಾವ್ಯಳ ದುಪಟ್ಟಾವನ್ನೇ ಅವಳಿಗೆ ಹೊದಿಸಿ, ಅದರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಹಾಕಿ ಉಡಿ ತುಂಬತೊಡಗಿದಳು. ಸೊಲಾಂಜ್ ಆ ಅಕ್ಕಿಯ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

"ಯಾಕೆ ಮೇಡಂ? ಕೆಲಸ ಉಳಿಯಿತಲ್ಲ!"

"ಹೋಯಿತು ಕಾವ್ಯ. ಏನೂ ಸಿಗಬಾರದಿತ್ತು. ಎಲ್ಲರೂ ಗೊತ್ತಿಲ್ಲ ಅನ್ನಲಿ ಎಂದೇ ನಾನು ಬಂದದ್ದು. ಮರ್ಸಾಕ್ ಹುಟ್ಟಿಯೇ ಇಲ್ಲ. ಪುಸ್ತಕಕ್ಕೆ ಒಬ್ಬ ಶಿಲ್ಪಿ ಬೇಕಾಗಿದ್ದ. ಹೆಸರು, ಕೈವಾರ, ಮುನಿಸು, ಎಲ್ಲವನ್ನೂ ನಾನೇ ಕಟ್ಟಿದೆ. ಹಂಪಿಯವರೆಗೆ ಬಂದು ಯಾರು ಕೇಳುತ್ತಾರೆ ಅಂದುಕೊಂಡಿದ್ದೆ."

ಕಾವ್ಯ ತಡವರಿಸುತ್ತಾ ಅದನ್ನು ಕನ್ನಡದಲ್ಲಿ ಹೇಳಿದಳು. ದ್ಯಾಮಕ್ಕ ಕೈ ನಿಲ್ಲಿಸಲಿಲ್ಲ. ಉಡಿಯ ಗಂಟು ಬಿಗಿದು, ಸೊಲಾಂಜಳ ಕೆನ್ನೆ ಒರೆಸಿದಳು.

"ಅಂವ ಹುಟ್ಟಿಲ್ಲಾಂತ ನಮಗೂ ಗೊತ್ತಿತ್ತವ್ವಾ. ನೀ ಅಳಕೋತ ಹುಡುಕಾಕ ಬಂದಿ, ಅದಕ್ಕ ಹುಟ್ಟಿಸಿದ್ವಿ."