ಗಿರಣಿ ಅಜ್ಜಿ ಹುಡುಕಿದ ಎಂಟು ವೋಲ್ಟ್

ಸೋಮವಾರದಿಂದ ರತ್ನವ್ವನಿಗೆ ಹೊಸ ಕೆಲಸ... ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರ್!

ಅವಳ ಕಾಲಿಗೆ ಬಲವಿಲ್ಲ. ಹಾಗಾಗಿ ಅಣ್ಣ ಹಾಲಪ್ಪ ಅವಳ ಮೂರು ಗಾಲಿಯ ಸೈಕಲ್ಲಿಗೆ ತಾನೇ ಮೋಟಾರು, ಬ್ಯಾಟರಿ ಕೂರಿಸಿದ್ದ.

ಸಪಾಟು ರಸ್ತೆಯಲ್ಲಿ ಗಾಳಿಯಂತೆ ಓಡುತ್ತಿತ್ತು. ಏರು ಬಂತೋ... ಟಕ್ಕನೆ ನಿಂತುಬಿಡುತ್ತಿತ್ತು.

ಅವತ್ತು ಭಾನುವಾರ. ಏರಿನ ಬುಡದಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಹಾಲಪ್ಪ ತಲೆ ಹಿಡಿದು ಕೂತಿದ್ದ.

"ಬ್ಯಾಟ್ರಿ ಫುಲ್ ಐತಿ! ಮೀಟರ್ ಐವತ್ತು ವೋಲ್ಟ್ ತೋರಸಾಕತ್ತೈತಿ!"

"ನಾನೇ ದಪ್ಪ ಆಗೇನಿ ಬಿಡಣ್ಣಾ" ಎಂದು ರತ್ನವ್ವ ನಕ್ಕಳು. ಕಣ್ಣು ಮಾತ್ರ ಗುಡ್ಡದ ಮೇಲಿತ್ತು...

ಗಿರಣಿ ಅಜ್ಜಿ ಕೈಯ ಹಿಟ್ಟು ಕೊಡವುತ್ತ ಹೊರಗೆ ಬಂದಳು. "ನಿಂತಾಗ ನೋಡಿದ್ರ ಏನ್ ತಿಳೀತೈತೋ ತಮ್ಮಾ? ಗಿರಣ್ಯಾಗ ಕಾಳು ಬೀಳುವಾಗ ಮೀಟರ್ ಮುಳ್ಳು ನೋಡಬೇಕು."

"ಇದು ಬ್ಯಾಟ್ರಿ ಗಾಡಿ ಅಜ್ಜಿ, ಹಿಟ್ಟಿನ ಗಿರಣಿ ಅಲ್ಲ!"

ಅಜ್ಜಿ ಸಿಟ್ಟಾಗಲಿಲ್ಲ. ಗಿರಣಿ ಬೋರ್ಡಿನ ಮೀಟರುಗಳನ್ನು ಓದಲೆಂದೇ ಐವತ್ತರ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋದವಳು ಅವಳು.

ಒಂದು ಜೋಳದ ಚೀಲ ತಂದು ಸೈಕಲ್ಲಿನ ಹಿಂದೆ ಇಟ್ಟಳು. "ಹಂ... ಈಗ ಏರು ಹತ್ತಸು ರತ್ನವ್ವಾ."

ಏರುತ್ತಿರುವಾಗಲೇ ಹಾಲಪ್ಪ ಮೀಟರ್ ಹಿಡಿದ. ಬ್ಯಾಟರಿಯ ಹತ್ತಿರ ನಲವತ್ತೆಂಟು ವೋಲ್ಟ್. ಮೋಟಾರಿನ ಕಡೆ... ನಲವತ್ತು! ಸೈಕಲ್ಲು ಮತ್ತೆ ನಿಂತಿತು.

"ನಡುವಿನ ಎಂಟು ಎಲ್ಲಿ ಹೋತು? ವೈರ್ ಮುಟ್ಟಿ ನೋಡು" ಎಂದಳು ಅಜ್ಜಿ.

ಹಂಚಿನ ಮೇಲಿನ ರೊಟ್ಟಿಯಂತೆ ಸುಡುತ್ತಿತ್ತು!

"ವೋಲ್ಟ್ ಅಂದ್ರ ದೂಡೋ ಜೋರು. ಆಂಪ್ ಅಂದ್ರ ಹರಿಯೋ ಕರೆಂಟು. ಎರಡೂ ಗುಣಿಸಿದ್ರ ವಾಟ್, ಅದು ದುಡಿಮಿ. ಎಷ್ಟು ಆಂಪ್ ಇತ್ತು?"

"ಹ್ಯಾಂಡಲ್ ಮ್ಯಾಲಿನ ಮೀಟರ್ ಮೂವತ್ತು ತೋರಸ್ತು, ಅಜ್ಜಿ."

"ಎಂಟ್ ಮೂವತ್ಲೆ ಇನ್ನೂರಾ ನಲವತ್ತು ವಾಟ್... ಮೋಟಾರಿನ ಊಟ ಈ ಸಣ್ಣ ವೈರ್ ತಿಂದು ಕುಂತೈತಿ!"

ಹಾಲಪ್ಪ ನಾಚಿದ. ಮನೆಯ ಬಲ್ಬಿಗೆಂದು ತಂದಿದ್ದ ತೆಳು ವೈರನ್ನೇ ಅವನು ಬ್ಯಾಟರಿಯಿಂದ ಮೋಟಾರಿಗೆ ಜೋಡಿಸಿದ್ದ.

ಗಿರಣಿಯಲ್ಲಿ ಉಳಿದಿದ್ದ ದಪ್ಪ ವೈರನ್ನು ಅಜ್ಜಿ ಕೊಟ್ಟಳು. ಅರ್ಧ ಗಂಟೆಯಲ್ಲಿ ಹಾಕಿದ್ದಾಯಿತು.

ಸೈಕಲ್ಲು ಏರು ಹತ್ತಿತು... ತಿರುವು ದಾಟಿತು... ನಿಲ್ಲಲೇ ಇಲ್ಲ!

ಶಾಲೆಯ ಗೇಟಿನಿಂದ ರತ್ನವ್ವನ ಕೂಗು ಕೇಳಿಸಿತು. "ಅಜ್ಜೀ... ಜ್ವಾಳದ ಚೀಲ ಇಳಿಸೋದು ಮರ್ತೀವಿ!"

ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. ಹಾಲಪ್ಪ ಅವಳ ಕಾಲು ಮುಟ್ಟಿದ... ಹಿಟ್ಟು ಮೆತ್ತಿದ ಆ ಪಾದದ ಮೇಲೆ ಎರಡು ಹನಿ ಬಿದ್ದವು.

ಶಕ್ತಿ ಕಡಿಮೆ ಇರಲಿಲ್ಲ... ದಾರಿಯಲ್ಲಿ ಸೋರುತ್ತಿತ್ತು, ಅಷ್ಟೇ.

ನಿಮ್ಮವರು ಯಾರಾದರೂ ಏರಿನಲ್ಲಿ ನಿಂತಾಗ, "ಇವರ ಕೈಲಾಗದು" ಎನ್ನುವ ಮೊದಲು... ನಡುವಿನ ವೈರನ್ನು ಒಮ್ಮೆ ಮುಟ್ಟಿ ನೋಡಿದ್ದೀರಾ?