ಅರ್ಧ ವ್ಯಾಟ್

ಪೂನಮ ತಾಮ್ರದ ತಂತಿಯ ತುದಿಯನ್ನು ದ್ರಾಕ್ಷಿ ಹಂದರದ ತಂತಿಗೆ ಸುತ್ತುತ್ತಿದ್ದಂತೆ ಅತ್ತೆ ಸಾವಂತ್ರವ್ವ ಹಿಂದಿನಿಂದ ಬಂದು ಅವಳ ಕೈ ಹಿಡಿದಳು.

"ಬಿಡ ಅದನ್ನ. ಈ ಪಡದಾಗ ವಾಯರ ತರಬ್ಯಾಡ ಅಂತ ನಿನಗ ಹೇಳಿಲ್ಲೇನು?"

ಹೇಳಿದ್ದಳು. ಪೂನಮ ಸೊಸೆಯಾಗಿ ಬಂದ ಹೊಸದರಲ್ಲೇ ಹೇಳಿದ್ದಳು. ಕಾರಣ ಬಹಳ ಹಿಂದಿನದು, ಪೂನಮಳ ಗಂಡ ಪ್ರತಾಪ ಇನ್ನೂ ಸಾಲೆಗೆ ಹೋಗುತ್ತಿದ್ದ ಕಾಲದ್ದು. ಟಿಕೋಟಾದ ಇದೇ ದ್ರಾಕ್ಷಿ ಪಡದಲ್ಲಿ, ಗಾಳಿಗೆ ಹರಿದ ಕರೆಂಟಿನ ತಂತಿಯೊಂದು ಹಂದರದ ಮೇಲೆ ಬಿದ್ದಿತ್ತು. ಅದನ್ನು ಕಾಣದೆ ಸಾಲಿನ ಇನ್ನೊಂದು ತುದಿಯಲ್ಲಿ ಹಂದರಕ್ಕೆ ಕೈಹಾಕಿದ ಮಾವ ಭಾಗಪ್ಪ ನಿಂತಲ್ಲೇ ಹೋಗಿಬಿಟ್ಟಿದ್ದ. ಆಮೇಲೆ ಸಾವಂತ್ರವ್ವ ಒಬ್ಬಳೇ ಪಡ ಮಾಡಿದಳು. ಔಷಧ ಹೊಡೆಸಿದಳು, ಬಳ್ಳಿ ಕತ್ತರಿಸುವ ಚಾಟ್ನಿ ಮಾಡಿಸಿದಳು, ಆಳುಗಳ ಜೊತೆ ಬಿಸಿಲಲ್ಲಿ ನಿಂತಳು. ಹಂದರದ ತಂತಿಯನ್ನು ಮಾತ್ರ ಮುಟ್ಟಿರಲಿಲ್ಲ.

ಪೂನಮ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಲೈಸೆನ್ಸ್ ಪಡೆದು ಹವ್ಯಾಸಿ ರೇಡಿಯೋ ನಡೆಸುವವಳು. ಉದ್ದ ಅಲೆಯ ಸಂಕೇತವನ್ನು ತೀರಾ ಸಣ್ಣ ಶಕ್ತಿಯಲ್ಲಿ ಎಷ್ಟು ದೂರ ಕಳಿಸಬಹುದೆಂದು ನೋಡುವ ಹಟ ಅವಳಿಗೆ ಹತ್ತಿತ್ತು. ಮನೆಯ ಹಿತ್ತಲಲ್ಲಿ ಸರಳು ಹೂತು ಮಾಡಿದ ಪ್ರಯತ್ನಗಳೆಲ್ಲ ಹುಸಿಯಾಗಿದ್ದವು. ಪಕ್ಕದ ಜೈನಾಪುರದಲ್ಲಿ ಕುಳಿತ ಗೆಳೆಯ ರಿಯಾಜನಿಗೂ ಏನೂ ಸಿಕ್ಕಿರಲಿಲ್ಲ. ಅಂಥ ಅಲೆಗೆ ನೆಲದ ಜೊತೆ ಗಟ್ಟಿ ಸಂಬಂಧ ಬೇಕು. ಹಂದರದ ಕಬ್ಬಿಣದ ಕಂಬಗಳಾದರೋ ಎರಡು ಎಕರೆಯ ತುಂಬ ನೆಲದಲ್ಲಿ ಇಳಿದು ನಿಂತಿದ್ದವು.

"ಇದು ಕರೆಂಟಿನ ವಾಯರ ಅಲ್ರಿ ಅತ್ತಿ, ರೇಡಿಯೋದ್ದು. ಬರೇ ಅರ್ಧಾ ವ್ಯಾಟ. ನಿಮ್ಮ ತಲಿದಿಂಬಿನ ಬಾಜೂಕ ಇಡೂ ಬ್ಯಾಟರಿ ಇದಕ್ಕಿಂತ ಜೋರ ಐತ್ರಿ."

"ಅಷ್ಟ ಸಣ್ಣದು ಎಲ್ಲಿಗಿ ಮುಟ್ಟತೈತಿ?"

"ರಿಯಾಜ ಭಾಯಿ ಕಾರವಾರದ ಸಮುದ್ರ ದಂಡ್ಯಾಗ ಮಷಿನ್ ಇಟಗೊಂಡ ಕುಂತಾರ. ಇಲ್ಲಿಂದ ಲೈಸೆನ್ಸಿನಾಗ ಕೊಟ್ಟ ನನ್ನ ರೇಡಿಯೋ ಹೆಸರ ಕಳಸ್ತೇನಿ."

"ಹೆಸರ ಹೇಳಾಕ ಫೋನ ಇಲ್ಲೇನು?"

"ಫೋನಿಗೆ ನಡುವ ಎಷ್ಟೋ ಟಾವರ ಬೇಕ್ರಿ. ಇದಕ್ಕ ನಡುವ ಯಾರೂ ಬ್ಯಾಡ. ನೆಲಾ ಒಂದ ಸಾಕು."

ಸಾವಂತ್ರವ್ವ ಒಪ್ಪಲಿಲ್ಲ. "ನಾಳೆ ಆಳ ಬರ್ತಾರ. ಯಾರಿಗರೆ ಏನರೆ ಆದ್ರ?"

ಪೂನಮ ತಾಮ್ರದ ತಂತಿಯನ್ನು ಸುತ್ತಿ ಮುಗಿಸಿದಳು. ಚಪ್ಪಲಿ ಕಳಚಿ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಳು. ಎಡಗೈಯಿಂದ ಹಂದರದ ತಂತಿಯನ್ನು ಹಿಡಿದು, ಬಲಗೈಯಿಂದ ರೇಡಿಯೋ ಪೆಟ್ಟಿಗೆಯ ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು. ಹೊತ್ತಿದ್ದೇ ತಡ, ಸಾವಂತ್ರವ್ವ ಹಾರಿ ಬಂದು ಸೊಸೆಯ ತೋಳಿಗೆ ಜೋತುಬಿದ್ದು ಎಳೆದಳು. ಎಳೆದ ರಭಸಕ್ಕೆ ಇಬ್ಬರೂ ಮಣ್ಣಿಗೆ ಬಿದ್ದರು. ಪೂನಮ ಎದ್ದು, ಸೀರೆ ಝಾಡಿಸಿಕೊಳ್ಳದೆ, ಪೆಟ್ಟಿಗೆಯನ್ನು ಮೊದಲಿನಿಂದ ಚಾಲೂ ಮಾಡಿ ಮತ್ತೆ ಅದೇ ತಂತಿ ಹಿಡಿದಳು.

"ಕಳಸೂದು ಮುಗಿಯೂತನಕಾ ನಾ ಕೈ ಬಿಡೂದಿಲ್ರಿ. ನೀವ ಕುಂತ ನೋಡ್ರಿ."

ಅಷ್ಟು ಕ್ಷೀಣ ಸಂಕೇತವನ್ನು ಗದ್ದಲದಿಂದ ಬೇರೆ ಮಾಡಬೇಕಾದರೆ ಬಹಳ ನಿಧಾನವಾಗಿ ಕಳಿಸಬೇಕು. ಮೋರ್ಸ್ ಸಂಕೇತದ ಒಂದು ಚುಕ್ಕೆಗೇ ಅರ್ಧ ನಿಮಿಷ. ದೀಪ ಹೊತ್ತುವುದು, ಆರುವುದು, ಮತ್ತೆ ಹೊತ್ತುವುದು. ಎತ್ತಿ ಹಿಡಿದ ತೋಳು ಮೊದಲು ನೊಂದು ಆಮೇಲೆ ಜೋಮು ಹಿಡಿಯಿತು. ಪೂನಮ ಹಲ್ಲು ಕಚ್ಚಿ ನಿಂತಳು. ಸಾವಂತ್ರವ್ವ ಬಿದ್ದಲ್ಲೇ ಕುಳಿತು, ದೀಪವನ್ನಲ್ಲ, ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಎಷ್ಟೋ ಹೊತ್ತಿನ ಮೇಲೆ ಪೂನಮಳ ಕೈ ಪಕ್ಕದಲ್ಲಿ ಇನ್ನೊಂದು ಕೈ ಬಂದು ತಂತಿಯನ್ನು ಹಿಡಿಯಿತು. ಸಾವಂತ್ರವ್ವ ಕಣ್ಣು ಮುಚ್ಚಿದ್ದಳು. ಅವಳ ನಡುಕಕ್ಕೆ ಇಡೀ ಸಾಲಿನ ತಂತಿ ಸಣ್ಣಗೆ ಅದುರಿತು. ನಿಧಾನಕ್ಕೆ ನಿಂತಿತು.

"ಏನೂ ಇಲ್ಲ," ಎಂದಳು.

"ಏನೂ ಇಲ್ರಿ."

"ಆವತ್ತೂ ನೋಡಾಕ ಹಿಂಗ ಇತ್ತು."

ಪೂನಮ ತನ್ನ ಕೈಯನ್ನು ಅತ್ತೆಯ ಕೈಗೆ ತಾಗುವಷ್ಟು ಸರಿಸಿದಳು. ಚಾಟ್ನಿಯಾಗಿ ಬೋಳಾಗಿದ್ದ ಪಡದಲ್ಲಿ ನೆರಳಿರಲಿಲ್ಲ. ಇಬ್ಬರೂ ಹಾಗೇ ನಿಂತರು.

ಪೆಟ್ಟಿಗೆಯ ಕೆಲಸ ಮುಗಿದು ದೀಪ ಆರಿದ ಸ್ವಲ್ಪ ಹೊತ್ತಿಗೆ ರಿಯಾಜನ ಫೋನ್ ಬಂತು. ಪೂನಮ ಸ್ಪೀಕರ್ ಹಾಕಿದಳು.

"ಬಂತ್ರಿ ಮೇಡಂ. ಕಂಪ್ಯೂಟರ ಮ್ಯಾಲ ಗೆರಿ ಮೂಡ್ಯಾವ. ಮದಲಿನ ಮೂರ ಅಕ್ಷರ ಸ್ವಚ್ಛ ಅದಾವ. ಆಮ್ಯಾಲ ಬಾಜೂಕ ಯಾರೋ ಜನರೇಟರ ಚಾಲೂ ಮಾಡಿದ್ರು, ಉಳದದ್ದೆಲ್ಲಾ ಗದ್ದಲದಾಗ ಹೋತು. ಈಗ ಬಂದ್ ಮಾಡ್ಯಾರ ನೋಡ್ರಿ."

ಅರ್ಧ ವ್ಯಾಟ್ ಘಟ್ಟ ದಾಟಿ ಸಮುದ್ರ ಮುಟ್ಟಿತ್ತು. ಇನ್ನೊಮ್ಮೆ ಕಳಿಸೋಣವೆಂದು ಬಾಯಿಗೆ ಬಂದದ್ದು ಅತ್ತೆಯ ಮುಖದ ಬೆವರು ನೋಡಿ ಅಲ್ಲೇ ನಿಂತಿತು.

"ಇವತ್ತಿಗೆ ಇಷ್ಟ ಸಾಕ್ರಿ ಭಾಯಿ," ಎಂದು ಫೋನ್ ಇಟ್ಟಳು. "ನಡೀರಿ ಅತ್ತಿ, ಬಿಸಲ ಏರೇತಿ. ಅರ್ಧಾ ಹೆಸರರೆ ಮುಟ್ಟೇತಿ."

ಸಾವಂತ್ರವ್ವ ಕದಲಲಿಲ್ಲ. ಒಂದು ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಇನ್ನೊಂದು ಕೈ ತಂತಿಯ ಮೇಲೇ ಇತ್ತು.

"ಅರ್ಧಾ ಹೆಸರ ಯಾರದರೆ ಆಗತೈತಿ," ಎಂದಳು. "ಮದಲಿಂದ ಕಳಸು."